ಬೇಸ್‌ಮೆಂಟಿನ ಮಕ್ಕಳಿಗೆ ಮಾತು ಬರುವುದಿಲ್ಲವೇ?



ಯುಗಾದಿಯ ಮಹಾಸಭೆಯ ಮುಂದೆ ಬರಲಿರುವ ಠರಾವಿನ ಕರಡು ನಿಮ್ಮೆಲ್ಲರ ಕೈ ಸೇರಿರಬೇಕು. ನಮ್ಮ ಕೈಗೂ ಬಂತು. ಅದರ ಸಾರಾಂಶ ಇಷ್ಟು: ಇನ್ನು ಮುಂದೆ ಕೂಟದ ಯಾವ ಸಮಾರಂಭದಲ್ಲೂ ಮಕ್ಕಳು ವಿಡಿಯೋ ಗೇಮ್ ಆಡಕೂಡದು, ಸಭಾಂಗಣದ ಬೇಸ್‌ಮೆಂಟಿನಲ್ಲಿ ಹುಡುಗರು ಸೇರುವ ಕೋಣೆಗೆ ಬೀಗ ಹಾಕತಕ್ಕದ್ದು, ಅದರ ಬದಲು ಊರಿನಿಂದ ಒಬ್ಬ ಭಾಷಣಕಾರರನ್ನು ಕರೆಸಿ ಮಕ್ಕಳಿಗೆ ‘ಸಾಮಾಜಿಕ ಕೌಶಲ’ದ ಎರಡು ದಿನದ ಶಿಬಿರ ನಡೆಸತಕ್ಕದ್ದು. ಕಾರಣವನ್ನೂ ಕೊಟ್ಟಿದ್ದಾರೆ. ಆನ್‌ಲೈನ್ ಆಟಗಳಿಂದಾಗಿ ನಮ್ಮ ಮಕ್ಕಳು ನಾಲ್ಕು ಜನರೊಂದಿಗೆ ಬೆರೆಯುವುದನ್ನೇ ಮರೆತಿದ್ದಾರಂತೆ.

ಠರಾವು ಬರೆದವರು ನಮಗೆ ಬೇಕಾದವರೇ. ಅವರ ಮನೆಯ ಹೋಳಿಗೆ ತಿಂದಿದ್ದೇವೆ, ಮುಂದೆಯೂ ತಿನ್ನುವ ಆಸೆ ಇದೆ. ಆದರೂ ಹೇಳದೆ ವಿಧಿಯಿಲ್ಲ. ಈ ಠರಾವು ತಪ್ಪು. ಮಕ್ಕಳಿಗೆ ಬೆರೆಯಲು ಬರುವುದಿಲ್ಲ ಎನ್ನುವುದು ತಪ್ಪು ರೋಗನಿರ್ಣಯ, ಬೀಗ ಹಾಕುವುದು ತಪ್ಪು ಔಷಧ. ಮೈಸೂರಿನಲ್ಲಿ ಎಂಬಿಬಿಎಸ್ ಓದಿ, ಈ ದೇಶದಲ್ಲಿ ರೆಸಿಡೆನ್ಸಿ ಮುಗಿಸಿ, ಇಷ್ಟು ವರ್ಷ ರೋಗಿಗಳನ್ನು ನೋಡಿದವರಾಗಿ ಇದನ್ನು ಹೇಳುತ್ತಿದ್ದೇವೆ. ಇದೇ ತಪ್ಪನ್ನು ನಮ್ಮ ಮನೆಯಲ್ಲಿ ನಾವೇ ಮಾಡಿದವರಾಗಿಯೂ ಹೇಳುತ್ತಿದ್ದೇವೆ.

ಮೊದಲು ನಮ್ಮ ತಪ್ಪೊಪ್ಪಿಗೆ. 2013ರ ಜನವರಿ. ಹೊರಗೆ ಮೊಳಕಾಲುದ್ದ ಹಿಮ. ಆಸ್ಪತ್ರೆಯ ಡ್ಯೂಟಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೆ, ಹದಿನೈದು ವರ್ಷದ ಮಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೇಸ್‌ಮೆಂಟಿನಲ್ಲಿ ಕೂತಿದ್ದಾನೆ. ಊಟದ ತಟ್ಟೆ ಪಕ್ಕದಲ್ಲೇ ಒಣಗಿದೆ. “ಏಳೋ, ಸಾಕು” ಎಂದೆವು. “ಅಪ್ಪಾ, ಪ್ಲೀಸ್, ಇನ್ನು ಐದೇ ನಿಮಿಷ” ಎಂದ. ಆ ಐದು ನಿಮಿಷ ಎಷ್ಟು ಉದ್ದವೆಂದು ತಂದೆತಾಯಿಗಳಿಗೆಲ್ಲ ಗೊತ್ತು. ಸೀದಾ ಹೋಗಿ ವೈ-ಫೈ ಪೆಟ್ಟಿಗೆಯ ವೈರು ಕಿತ್ತೆವು. ಮಗ ಕಿರುಚಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಮೇಲೆ ಹೋಗಿ ಮಲಗಿದ. ಶಿಸ್ತು ಬಂತು ಎಂದುಕೊಂಡು ನಾವು ನೆಮ್ಮದಿಯಾಗಿ ಮೊಸರನ್ನ ತಿಂದೆವು.

ನಾವು ಕಿತ್ತದ್ದು ಏನನ್ನು ಎಂದು ತಿಳಿಯಲು ತಿಂಗಳುಗಳು ಬೇಕಾದವು. ಆ ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರ ನವೆಂಬರಿನಲ್ಲಿ ಬಂದದ್ದು. ಅದರ ದೊಡ್ಡ ಕಾಳಗಗಳನ್ನು ಒಬ್ಬರೇ ಆಡಲಾಗುವುದಿಲ್ಲ. ಮೊದಲ ವರ್ಷಗಳಲ್ಲಿ 40 ಜನ ಒಟ್ಟಿಗೆ ಬೇಕಿತ್ತು, 2007ರ ನಂತರ, ಮಗ ಆಡುತ್ತಿದ್ದ ಕಾಲಕ್ಕೆ, 25 ಅಥವಾ 10 ಜನ. ಕೆಲಸ ಮೂರು ಬಗೆ: ರಾಕ್ಷಸನ ಏಟನ್ನು ಮೈಮೇಲೆ ತೆಗೆದುಕೊಳ್ಳುವವರು, ರಾಕ್ಷಸನನ್ನು ಹೊಡೆಯುವವರು, ಗಾಯಗೊಂಡವರಿಗೆ ಚಿಕಿತ್ಸೆ ಕೊಡುವವರು. ಒಂದು ಬಗೆಯವರು ಎಚ್ಚರ ತಪ್ಪಿದರೆ 25 ಜನವೂ ಸಾಯುತ್ತಾರೆ, ಮತ್ತೆ ಮೊದಲಿನಿಂದ ಶುರು. ನಮ್ಮ ಮಗ ಆ ತಂಡದಲ್ಲಿ ಚಿಕಿತ್ಸೆಯವನು. ಬರೀ ಚಿಕಿತ್ಸೆಯವನಲ್ಲ, ಆರು ಜನ ಚಿಕಿತ್ಸಕರ ಮುಖ್ಯಸ್ಥ. ಯಾರು ಯಾರನ್ನು ನೋಡಿಕೊಳ್ಳಬೇಕು, ದೊಡ್ಡ ಏಟು ಬೀಳುವ ಹೊತ್ತಿಗೆ ಯಾರು ತಮ್ಮ ದೊಡ್ಡ ಮಂತ್ರ ಉಪಯೋಗಿಸಬೇಕು, ಅವರದ್ದು ಮುಗಿದ ಮೇಲೆ ಯಾರ ಸರದಿ, ಎಲ್ಲವನ್ನೂ ಹಂಚುವವನು ಅವನು. ಅಪ್ಪ ಆಸ್ಪತ್ರೆಯಲ್ಲಿ ಮಾಡುವ ಕೆಲಸವನ್ನೇ ಮಗ ಬೇಸ್‌ಮೆಂಟಿನಲ್ಲಿ ಮಾಡುತ್ತಿದ್ದ. ಅಪ್ಪನಿಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ.

ಆ ರಾತ್ರಿ 24 ಜನ ಬಿದ್ದರು. ಮರುದಿನ ಮಗ ಎಲ್ಲರಿಗೂ ಕ್ಷಮೆ ಕೇಳಿ ಬರೆದು, ಮುಖ್ಯಸ್ಥನ ಕೆಲಸ ಬಿಟ್ಟ. “ನನ್ನ ಮನೆಯಲ್ಲಿ ಯಾವಾಗ ಏನಾಗುತ್ತದೋ ಹೇಳಲಾರೆ, ನನ್ನನ್ನು ನಂಬಿ ಕೂರಬೇಡಿ” ಎಂದು ಬರೆದಿದ್ದನಂತೆ. ಇದನ್ನು ಅವನ ತಾಯಿಗೆ ಹೇಳಿದ್ದು ಬೇಸಿಗೆಯಲ್ಲಿ. ಹದಿನೈದು ವರ್ಷದ ಹುಡುಗನಲ್ಲಿ ಇಷ್ಟು ಜವಾಬ್ದಾರಿ ಇದ್ದದ್ದನ್ನು ನಾವು ಗಮನಿಸಲಿಲ್ಲ. ಕೂಟದ ಪಾಟ್‌ಲಕ್‌ನಲ್ಲಿ ದೊಡ್ಡವರಿಗೆ ‘ನಮಸ್ಕಾರ’ ಹೇಳಲು ನಾಚುತ್ತಾನೆ ಎಂಬುದನ್ನು ಮಾತ್ರ ಗಮನಿಸಿದ್ದೆವು.

ಈಗ ವೈದ್ಯರ ಮಾತು. ಹೃದಯ ನಿಂತ ರೋಗಿಯ ಸುತ್ತ ಏಳೆಂಟು ಜನ ಸೇರಿ ಮಾಡುವ ಕೆಲಸಕ್ಕೆ ಆಸ್ಪತ್ರೆಯಲ್ಲಿ ಕೋಡ್ ಬ್ಲೂ ಎನ್ನುತ್ತೇವೆ. ರೆಸಿಡೆನ್ಸಿಯ ಮೊದಲ ವರ್ಷ ನಾವು ಕಂಡ ಕೋಡ್‌ಗಳಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಔಷಧಿ ಕೊಟ್ಟಾಯಿತೇ, ಕೊಟ್ಟವರು ಯಾರು, ಗೊತ್ತಾಗುತ್ತಿರಲಿಲ್ಲ. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಹೊರಡಿಸಿತು. ತಡೆಯಬಹುದಾದ ವೈದ್ಯಕೀಯ ತಪ್ಪುಗಳಿಂದ ಈ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದು ಎಂಬುದು ಅದರ ಅಂದಾಜು. ಆಮೇಲೆ ನಮಗೆಲ್ಲ ‘ತಂಡವಾಗಿ ಮಾತಾಡುವುದು ಹೇಗೆ’ ಎಂದು ಪಾಠ ಶುರುವಾಯಿತು. ಮುಖ್ಯಸ್ಥ ಹೆಸರು ಹಿಡಿದು ಹೇಳಬೇಕು: “ಎಪಿನೆಫ್ರಿನ್ 1 ಮಿಲಿಗ್ರಾಂ ಕೊಡಿ.” ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ಕೊಟ್ಟ ಮೇಲೆ “ಕೊಟ್ಟಾಯಿತು” ಎನ್ನಬೇಕು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು ಒಂದು ಪಟ್ಟಿ ಮಾಡಿತು. ಕತ್ತಿ ಹಿಡಿಯುವ ಮುಂಚೆ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು ಎಂಬುದೂ ಅದರಲ್ಲಿದೆ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಈ ಪಟ್ಟಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು.

ಇಷ್ಟೆಲ್ಲ ಡಿಗ್ರಿ ಹೊತ್ತವರು ನಡುವಯಸ್ಸಿನಲ್ಲಿ ಕಲಿತ ಈ ಪಾಠವನ್ನು ಬೇಸ್‌ಮೆಂಟಿನ ಹುಡುಗರು ಆಗಲೇ ನಡೆಸುತ್ತಿದ್ದರು. ಮುಂದೆ ಒಮ್ಮೆ ಮಗನ ಅನುಮತಿ ಕೇಳಿ ಪಕ್ಕದಲ್ಲಿ ಕೂತು ಒಂದು ಸಂಜೆ ಕೇಳಿದೆವು. ಸಣ್ಣ ಮಾತು, ಹೆಸರು ಹಿಡಿದು, ಒಬ್ಬರಾದ ಮೇಲೆ ಒಬ್ಬರು. ಸೋತ ಕೂಡಲೇ ಎರಡು ನಿಮಿಷದ ವಿಚಾರಣೆ: ಯಾರು ಮೊದಲು ಬಿದ್ದರು, ಯಾಕೆ, ಮುಂದಿನ ಸಲ ಏನು ಬದಲಿಸೋಣ. ನಮ್ಮ ಆಸ್ಪತ್ರೆಗಳಲ್ಲಿ ಸತ್ತವರ, ಕೆಟ್ಟವರ ಕೇಸುಗಳನ್ನು ಇಟ್ಟುಕೊಂಡು ಇಂಥದೇ ವಿಚಾರಣೆ ನಡೆಸುತ್ತೇವೆ. ಮುನಿಸಿಲ್ಲದೆ ಮುಗಿದರೆ ಪುಣ್ಯ. ಈ ಹುಡುಗರು ಒಂದೇ ರಾತ್ರಿಯಲ್ಲಿ ಹದಿನೈದು ಸಲ ನಡೆಸಿದರು. ಒಮ್ಮೆ ನಮ್ಮ ಮಗ ತನಗಿಂತ ಬಹಳ ದೊಡ್ಡ ವಯಸ್ಸಿನ ಒಬ್ಬ ಗಂಡಸಿಗೆ “ನೀವು ನಿಂತ ಜಾಗ ತಪ್ಪು” ಎಂದ. ಆತ “ಹೌದು, ನನ್ನದೇ ತಪ್ಪು, ಥ್ಯಾಂಕ್ಸ್” ಎಂದ.

ನಮ್ಮ ಮನಸ್ಸಿಗೆ ತಟ್ಟಿದ್ದು ಆ ಮಾತು. ಪ್ರೊಫೆಸರರ ಮುಂದೆ ಕೈಕಟ್ಟಿ ನಿಂತು ಬೆಳೆದವರು ನಾವು. ಹಿರಿಯ ವೈದ್ಯರಿಗೆ “ಸಾರ್, ಈ ಡೋಸ್ ಹೆಚ್ಚಾಯಿತೇನೋ” ಎಂದು ಹೇಳುವ ಧೈರ್ಯ ಬರಲು ಈ ದೇಶದಲ್ಲಿ ನಮಗೆ ವರ್ಷಗಳೇ ಹಿಡಿದವು. ಹೇಳದೆ ನುಂಗಿಕೊಂಡ ದಿನಗಳನ್ನು ಈಗಲೂ ಮರೆತಿಲ್ಲ. ಇದಕ್ಕಿಂತ ದೊಡ್ಡ ಸಾಮಾಜಿಕ ಕೌಶಲ ಯಾವುದನ್ನು ಆ ಭಾಷಣಕಾರರು ಎರಡು ದಿನದಲ್ಲಿ ಕಲಿಸುತ್ತಾರೆ, ಯಾರಾದರೂ ತಿಳಿಸಬೇಕು.

ಈಗ ನಮ್ಮ ಕೂಟದ ಕೌಶಲ ನೋಡೋಣ. ಕಳೆದ ದೀಪಾವಳಿಯ ಪಾಟ್‌ಲಕ್ಕಿಗೆ ಏಳು ಮನೆಯವರು ಪುಳಿಯೋಗರೆ ತಂದರು. ತಟ್ಟೆ ಯಾರೂ ತರಲಿಲ್ಲ. ಹಿಂದಿನ ವರ್ಷ ತಟ್ಟೆ ರಾಶಿ ಬಿದ್ದಿತ್ತು, ಅನ್ನವೇ ಸಾಲಲಿಲ್ಲ. ಎರಡು ವರ್ಷದ ನಡುವೆ ಒಂದು ವಿಚಾರಣೆಯೂ ನಡೆಯಲಿಲ್ಲ, ಕೋಪ ಮಾತ್ರ ನಡೆಯಿತು. ಮಹಾಸಭೆಯಲ್ಲಿ ಒಟ್ಟಿಗೆ ಹನ್ನೆರಡು ಜನ ಮಾತಾಡುತ್ತೇವೆ. ಮಕ್ಕಳ ನೃತ್ಯ ನಡೆಯುವಾಗ ಹಿಂದಿನ ಸಾಲಿನ ಗಂಡಸರು ಫೋನಿನಲ್ಲಿ ಶೇರು ನೋಡುತ್ತೇವೆ. ಇಂಥವರು ಸೇರಿ ಬೇಸ್‌ಮೆಂಟಿನ ಮಕ್ಕಳಿಗೆ ಬೆರೆಯುವ ಪಾಠ ಹೇಳಿಸಬೇಕಂತೆ!

“ಅವರು ಯಂತ್ರದ ಜೊತೆ ಆಡುತ್ತಾರೆ” ಎಂಬುದು ಇನ್ನೊಂದು ದೂರು. ಅಲ್ಲ ಸ್ವಾಮಿ, ಜನರ ಜೊತೆ ಆಡುತ್ತಾರೆ. ಇದು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಹಲವರು ಒಟ್ಟಿಗೆ ಆಡುವ ‘ಮಡ್’ ಎಂಬ ಆಟ ಬರೆದರು. ಚಿತ್ರವೇ ಇಲ್ಲ, ಬರೀ ಅಕ್ಷರ. ಅದೇ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಗಳಿಸಲು ಬರುವವರು, ಹುಡುಕಾಡಲು ಬರುವವರು, ಮಾತಾಡಲು ಬರುವವರು, ಬೇರೆಯವರಿಗೆ ಕಾಟ ಕೊಡಲು ಬರುವವರು. ನಮ್ಮ ಕೂಟದ ಸದಸ್ಯರ ಪಟ್ಟಿ ತೆಗೆದರೆ ನಾಲ್ಕೂ ಬಗೆ ಸಿಗುತ್ತದೆ. ಹೆಸರು ಬೇಡ.

1999ರಲ್ಲಿ ಬಂದ ಎವರ್‌ಕ್ವೆಸ್ಟ್ ಎಂಬ ಆಟದಲ್ಲಿ, ಗೆದ್ದ ವಸ್ತುವನ್ನು ಹಂಚುವಾಗ ಜಗಳವಾಗದಂತೆ ಆಟಗಾರರೇ ಒಂದು ಲೆಕ್ಕ ಹುಟ್ಟುಹಾಕಿದರು. ಬಂದು ದುಡಿದವರಿಗೆ ಅಂಕ. ವಸ್ತು ಬೇಕಾದರೆ ಆ ಅಂಕ ಖರ್ಚು ಮಾಡಬೇಕು. ಲೆಕ್ಕ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಕಂಪನಿ ಕಲಿಸಿದ್ದಲ್ಲ, ಆಡುವವರೇ ಕಂಡುಕೊಂಡದ್ದು. ನಮ್ಮ ಖಜಾಂಚಿಗಳು ಬೇಸರ ಮಾಡಿಕೊಳ್ಳಬಾರದು, ನಮ್ಮ ರಾಫೆಲ್ ಟಿಕೆಟ್ಟಿನ ಲೆಕ್ಕಕ್ಕಿಂತ ಅದು ಸ್ಪಷ್ಟವಾಗಿತ್ತು.

ವೈದ್ಯರು ಓದಲೇಬೇಕಾದ ಒಂದು ಕತೆಯೂ ಇದೆ. 2005ರ ಸೆಪ್ಟೆಂಬರಿನಲ್ಲಿ ವಾರ್‌ಕ್ರಾಫ್ಟಿನ ಒಂದು ಗುಡಿಯೊಳಗೆ ರಾಕ್ಷಸನೊಬ್ಬ ಅಂಟಿಸುತ್ತಿದ್ದ ‘ಕೆಟ್ಟ ರಕ್ತ’ದ ರೋಗ ಆಟಗಾರರ ಸಾಕುಪ್ರಾಣಿಗಳ ಮೂಲಕ ಊರುಗಳಿಗೆ ಬಂತು. ಕಂಪನಿ ಬಯಸಿದ್ದಲ್ಲ, ಪ್ರೋಗ್ರಾಮಿನ ತಪ್ಪು. ಪೇಟೆ ತುಂಬ ಅಸ್ಥಿಪಂಜರ. ಚಿಕಿತ್ಸೆ ಬಲ್ಲವರು ಓಡಿಬಂದು ಕಂಡವರಿಗೆಲ್ಲ ಚಿಕಿತ್ಸೆ ಕೊಟ್ಟರು. ಕೆಲವರು ಊರ ಹೊರಗೆ ನಿಂತು “ಒಳಗೆ ಹೋಗಬೇಡಿ” ಎಂದರು. ಕೆಲವರು ಕಾಡಿಗೆ ಓಡಿದರು. ಕೆಲವರು ಬೇಕೆಂದೇ ಹರಡಿದರು. ಕೆಲವರು ನೋಡಿಬರೋಣವೆಂದು ಹೋಗಿ ತಾವೇ ಅಂಟಿಸಿಕೊಂಡರು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ಸಂಶೋಧಕರು ಇದನ್ನೇ ಇಟ್ಟುಕೊಂಡು 2007ರಲ್ಲಿ ಲ್ಯಾನ್ಸೆಟ್ ಬಳಗದ ಸೋಂಕುರೋಗಗಳ ಪತ್ರಿಕೆಯಲ್ಲಿ ಲೇಖನ ಬರೆದರು. 2020ರಲ್ಲಿ ಕೋವಿಡ್ ಬಂದಾಗ ಈ ಐದೂ ಬಗೆಯ ಜನರನ್ನು ನಮ್ಮ ಆಸ್ಪತ್ರೆಯ ಬಾಗಿಲಲ್ಲೇ ಕಂಡೆವು. ಆ ಆಟದಲ್ಲಿದ್ದದ್ದು ಸಮಾಜವಲ್ಲದಿದ್ದರೆ ಮತ್ತೇನು?

ಅದೇ 2020ರಲ್ಲಿ ನಮ್ಮ ಮಗಳು ಹಾಸನದಲ್ಲಿರುವ ದೊಡ್ಡಪ್ಪನ ಮಕ್ಕಳೊಂದಿಗೆ ಪಬ್‌ಜಿ ಆಡಲು ಶುರು ಮಾಡಿದಳು. ಕೂಟದ ಕನ್ನಡ ಶಾಲೆಗೆ ಆರು ವರ್ಷ ಹೋಗಿ ‘ಅ ಆ ಇ ಈ’ ಬಿಟ್ಟು ಬಾಯಿ ತೆರೆಯದ ಹುಡುಗಿ, ಮೂರು ತಿಂಗಳಲ್ಲಿ “ಹಿಂದೆ ನೋಡ್ಕೊಳೋ”, “ಸುಮ್ನೆ ಕೂತ್ಕೊ, ಬಂದೆ ತಾಳು” ಎಂದು ಅಪ್ಪಟ ಹಾಸನದ ಕನ್ನಡ ಮಾತಾಡತೊಡಗಿದಳು. ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ದೇಶದ ಭದ್ರತೆಯ ಕಾರಣ ಕೊಟ್ಟು 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿಯೂ ಹೋಯಿತು. ಸರ್ಕಾರದ ಕಾರಣ ಸರ್ಕಾರಕ್ಕಿರಲಿ. ಆಟ ಹೋದರೂ ಮಾತು ಉಳಿಯಿತು. ಇವತ್ತಿಗೂ ಆ ಅಣ್ಣತಂಗಿಯರು ಫೋನಿನಲ್ಲಿ ಕನ್ನಡದಲ್ಲೇ ಜಗಳವಾಡುತ್ತಾರೆ.

ಹಾಗಾದರೆ ಕೆಡುಕೇ ಇಲ್ಲವೇ? ಇದೆ. ಅದನ್ನು ಮುಚ್ಚಿಟ್ಟರೆ ನಾವು ವೈದ್ಯರೇ ಅಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಭೆ ಒಪ್ಪಿದ, 2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11 ರೋಗಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಷ್ಟು ಹಿಂದೆಯೇ ಇಂಥ ತೊಂದರೆಗಳಿಗೆ ‘ಷಟ್’ ಎಂಬ ವಿಶೇಷ ಚಿಕಿತ್ಸಾಲಯ ತೆರೆದಿದೆ. ಆದರೆ ರೋಗದ ಲಕ್ಷಣ ಏನೆಂದು ಓದಿ: ಆಟದ ಮೇಲೆ ಹಿಡಿತವೇ ತಪ್ಪಬೇಕು, ಬದುಕಿನ ಬೇರೆಲ್ಲಕ್ಕಿಂತ ಆಟವೇ ಮುಂದಾಗಬೇಕು, ಕೇಡು ಕಂಡರೂ ಬಿಡಲಾಗದಿರಬೇಕು, ಓದು, ಮನೆ, ಸ್ನೇಹ ಹದಗೆಡಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗಿರಬೇಕು. ಪಾಟ್‌ಲಕ್‌ನಲ್ಲಿ ನಿಮ್ಮ ಪಕ್ಕ ಕೂರಲಿಲ್ಲ ಎಂಬುದು ಲಕ್ಷಣವಲ್ಲ. ಅಂಥ ಮಗು ನಿಜವಾಗಿಯೂ ಇದ್ದರೆ ಬೀಗ ಸಾಲದು, ವೈದ್ಯರು ಬೇಕು. ನಾಚಿಕೆಪಡದೆ ನಮಗೆ ಫೋನ್ ಮಾಡಿ.

ನಿದ್ದೆಗೆಡುವುದು ಕೆಡುಕು. ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳು ಜೂಜು. 2018ರಲ್ಲಿ ಬೆಲ್ಜಿಯಂ ಹಾಗೆಂದೇ ಹೇಳಿತು. ಮೈಕಿನಲ್ಲಿ ಹುಡುಗಿಯ ದನಿ ಕೇಳಿದೊಡನೆ ಹೊಲಸು ಮಾತಾಡುವವರಿದ್ದಾರೆ, ನಮ್ಮ ಹೆಸರು, ಉಚ್ಚಾರ ಹಿಡಿದು ಹಂಗಿಸುವವರಿದ್ದಾರೆ. ನಮ್ಮ ಮಗಳು ಒಂದು ಆಟದಲ್ಲಿ ಮೈಕನ್ನೇ ಮುಟ್ಟುತ್ತಿರಲಿಲ್ಲ. ಆದರೆ ಯೋಚಿಸಿ. ಬೀಗ ಹಾಕಿದ ಮೇಲೆ ಇದನ್ನು ಅವಳು ಯಾರ ಹತ್ತಿರ ಹೇಳುತ್ತಾಳೆ? ಬಯ್ಯುವ ಅಪ್ಪನ ಹತ್ತಿರ ಹೇಳುತ್ತಾಳೆಯೇ?

“ಆಟದ ಕೌಶಲ ಬದುಕಿಗೆ ಬರುತ್ತದೆಯೇ?” ಎಂದು ಕಾರ್ಯಕಾರಿ ಸಮಿತಿಯ ಸ್ನೇಹಿತರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ತಾನಾಗಿಯೇ ಬರುವುದಿಲ್ಲ. 1973ರಲ್ಲಿ ಚೇಸ್ ಮತ್ತು ಸೈಮನ್ ಚದುರಂಗದ ಪಂಡಿತರನ್ನು ಪರೀಕ್ಷಿಸಿದಾಗ ನಿಜವಾದ ಆಟದ ಕಾಯಿಗಳ ಸ್ಥಾನವನ್ನು ಅವರು ಕ್ಷಣದಲ್ಲಿ ನೆನಪಿಟ್ಟರು. ಮನಬಂದಂತೆ ಇಟ್ಟ ಕಾಯಿಗಳ ಮುಂದೆ ಅವರೂ ಹೊಸಬರಂತೆಯೇ ಆದರು. ಪಾಂಡಿತ್ಯ ತನ್ನ ಅಂಗಳದಲ್ಲೇ ಇರುತ್ತದೆ. ಈ ಅಂಗಳದಿಂದ ಆ ಅಂಗಳಕ್ಕೆ ಅದು ಬರಬೇಕಾದರೆ ಯಾರಾದರೂ ಕರೆಯಬೇಕು, ಕೆಲಸ ಕೊಡಬೇಕು. ನಮ್ಮ ಮಕ್ಕಳನ್ನು ಕೂಟದಲ್ಲಿ ನಾವು ಯಾವ ಕೆಲಸಕ್ಕೆ ಕರೆದಿದ್ದೇವೆ? ಕುರ್ಚಿ ಮಡಿಸಲು, ಹಾಡಿಗೆ ಕುಣಿಯಲು, ಹಿರಿಯರ ಭಾಷಣಕ್ಕೆ ಚಪ್ಪಾಳೆ ತಟ್ಟಲು. ನಮ್ಮ ಮುಖ್ಯ ಆಕ್ಷೇಪ ಇದೇ. ಮಕ್ಕಳಲ್ಲಿ ಕೌಶಲವಿದೆ. ಅದಕ್ಕೆ ನಾವು ಜಾಗ ಕೊಟ್ಟಿಲ್ಲ. ಕೊಟ್ಟುಕೊಂಡ ಒಂದು ಜಾಗಕ್ಕೂ ಈಗ ಬೀಗ ಹಾಕಲು ಹೊರಟಿದ್ದೇವೆ.

ನಮ್ಮ ಕಾಲದಲ್ಲಿ ಊರಿಗೊಂದು ಅರಳಿಕಟ್ಟೆ ಇತ್ತು. ಮನೆಯೂ ಅಲ್ಲ, ಶಾಲೆಯೂ ಅಲ್ಲ, ಸುಮ್ಮನೆ ಹೋಗಿ ಕೂರುವ ಜಾಗ. ಈ ಉಪನಗರದಲ್ಲಿ ಕಾರಿಲ್ಲದ ಮಗು ಎಲ್ಲಿಗೆ ಹೋಗಬೇಕು? 2006ರಲ್ಲಿ ಕಾನ್‌ಸ್ಟನ್ಸ್ ಸ್ಟೈನ್‌ಕೂಲರ್ ಮತ್ತು ದಿಮಿತ್ರಿ ವಿಲಿಯಮ್ಸ್ ಎಂಬ ವಿದ್ವಾಂಸರು ಇಂಥ ಆಟಗಳು ಕಟ್ಟೆಯಂಥ ಜಾಗವಾಗಿಯೇ ಕೆಲಸ ಮಾಡುತ್ತವೆ ಎಂದು ವಾದಿಸಿದರು. ಆಳವಾದ ಆಸರೆ ಅಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಬಗೆಬಗೆಯ ಜನರ ಪರಿಚಯ ಸಿಗುತ್ತದೆ ಎಂದರು. ಕೆಲವೊಮ್ಮೆ ಆಸರೆಯೂ ಸಿಗುತ್ತದೆ. ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ಯುವಕನಿಗೆ ಡುಶೆನ್ ಸ್ನಾಯುಕ್ಷಯ. 2014ರಲ್ಲಿ 25ನೆಯ ವಯಸ್ಸಿಗೆ ತೀರಿಕೊಂಡ. ಗಾಲಿಕುರ್ಚಿಯಲ್ಲಿ ಕೂತು ಆಟದಲ್ಲೇ ಒಂಟಿಯಾಗಿ ಬದುಕು ಕಳೆದ ಎಂದು ತಂದೆತಾಯಿ ಕೊರಗುತ್ತಿದ್ದರು. ಸಾವಿನ ಸುದ್ದಿ ತಿಳಿಸಿದ ಮೇಲೆ ವಾರ್‌ಕ್ರಾಫ್ಟಿನ ಗೆಳೆಯರಿಂದ ಪತ್ರದ ಮೇಲೆ ಪತ್ರ ಬಂತು. ತಮ್ಮ ಕಷ್ಟಕ್ಕೆ ಅವನು ಕಿವಿಯಾಗಿದ್ದನೆಂದು ಅವರೆಲ್ಲ ಬರೆದರು. ಬೇರೆ ಬೇರೆ ದೇಶಗಳಿಂದ ಕೆಲವರು ಅಂತ್ಯಕ್ರಿಯೆಗೇ ಬಂದರು. 2024ರಲ್ಲಿ ಅವನ ಮೇಲೆ ಬಂದ ಸಾಕ್ಷ್ಯಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿ. ಆ ತಂದೆತಾಯಿಗೆ ಮಗನ ಪರಿಚಯವಾದದ್ದು ಮಗ ಹೋದ ಮೇಲೆ. ನಮಗಿನ್ನೂ ಸಮಯವಿದೆ.

ಆದ್ದರಿಂದ ನಮ್ಮ ಪ್ರತಿ-ಠರಾವು ಹೀಗಿದೆ. ಒಂದು, ಕೋಣೆಗೆ ಬೀಗ ಬೇಡ, ಬಾಗಿಲು ತೆರೆದಿರಲಿ. ಪ್ರತಿ ಸಮಾರಂಭದಲ್ಲೂ ಇಬ್ಬರು ಹಿರಿಯರು ಫೋನನ್ನು ಜೇಬಿನಲ್ಲಿಟ್ಟು ಒಂದು ಗಂಟೆ ಅಲ್ಲಿ ಕೂತು ಆಟ ನೋಡಲಿ, ಕೇಳಲಿ, ಉಪದೇಶ ಬೇಡ. ಎರಡು, ಊಟದ ಹೊತ್ತಿಗೆ ಆಟ ಬಂದ್, ಮನೆಯಲ್ಲಿ ಮಲಗುವ ಹೊತ್ತಿಗೆ ಬಂದ್. ಆದರೆ ಶುರು ಮಾಡುವ ಮುಂಚೆಯೇ “ಎಷ್ಟು ಹೊತ್ತಿಗೆ ಮುಗಿಯುತ್ತದೆ?” ಎಂದು ಕೇಳಿ ಗೊತ್ತುಮಾಡಿಕೊಳ್ಳೋಣ. ಓವರಿನ ನಡುವೆ ಬೌಲರನ್ನು ಎಳೆದು ತರುತ್ತೇವೆಯೇ? ಮೂರು, ಮುಂದಿನ ದೀಪಾವಳಿಯ ಊಟದ ಪೂರ್ತಿ ಏರ್ಪಾಡು, ದುಡ್ಡಿನ ಸಮೇತ, ಬೇಸ್‌ಮೆಂಟಿನ ಮಕ್ಕಳ ಕೈಗೆ. ಅವರು ಹೇಳಿದ್ದನ್ನು ನಾವು ತರೋಣ. ಏಳು ಪುಳಿಯೋಗರೆ ಬರುವುದಿಲ್ಲ ಎಂದು ನಾವು ಪಣ ಕಟ್ಟುತ್ತೇವೆ.

ಕಳೆದ ದೀಪಾವಳಿಗೆ ಮಗ ಮನೆಗೆ ಬಂದಿದ್ದ. ಈಗ ಅವನದೇ ಸಂಸಾರ, ಅವನದೇ ವೈ-ಫೈ. ಇಷ್ಟು ವರ್ಷಗಳ ಮೇಲೆ ಆ ರಾತ್ರಿಯ ಬಗ್ಗೆ ಕ್ಷಮೆ ಕೇಳಿದೆವು. ಆ ಆರು ಜನ ಚಿಕಿತ್ಸಕರು ಯಾರು ಎಂದೂ ಮೊದಲ ಸಲ ಕೇಳಿದೆವು. ಒಬ್ಬಾಕೆ ನರ್ಸ್, ಒಬ್ಬರು ಲಾರಿ ಓಡಿಸುವವರು, ಒಬ್ಬ ಇವನಂತೆಯೇ ಶಾಲೆಯ ಹುಡುಗ ಎಂದು ಒಬ್ಬೊಬ್ಬರನ್ನೇ ಎಣಿಸಿದ. ಆಮೇಲೆ ನಕ್ಕು, “ಹೋಗ್ಲಿ ಬಿಡಪ್ಪಾ. ಆದ್ರೆ ಅವತ್ತು ನಾವು ಗೆಲ್ಲೋರಿದ್ವಿ” ಎಂದ.

ಮಹಾಸಭೆಗೆ ತಪ್ಪದೆ ಬನ್ನಿ. ಬರುವಾಗ ಮಕ್ಕಳನ್ನೂ ಕರೆತನ್ನಿ, ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು ಹೇಗೆಂದು ತೋರಿಸಿಕೊಡಲಿ. ಠರಾವಿಗೆ ನಮ್ಮ ಮತ ‘ಇಲ್ಲ’. ನಿಮ್ಮದೂ ಹಾಗೆಯೇ ಇರಲಿ ಎಂದು ವಿನಂತಿ.

ಸಿರಿಗನ್ನಡಂ ಗೆಲ್ಗೆ.